ಕಾಲುವೆ ಬಂದ್ ಆದ ರಾತ್ರಿ ರಕ್ಕಸ ಎಲ್ಲಿರುತ್ತಾನೆ?

(ಹಳೆಯ ಇಂಗ್ಲಿಷ್ ಕಾದಂಬರಿಗಳ ರಕ್ಕಸರನ್ನು ನಮ್ಮ ನೆಲಕ್ಕೆ ತಂದು ಹದಿಹರೆಯದವರಿಗಾಗಿ ಕಾದಂಬರಿ ಬರೆಯಹೊರಟವರ ಮುಂದೆ ಕೊಪ್ಪಳದಲ್ಲಿ ಆಡಿದ ಮಾತುಗಳ ಬರಹ ರೂಪ)

ರಕ್ತ ಹೀರುವ ರಕ್ಕಸ ಡ್ರಾಕುಲಾ ಬಿಸಿಲಿಗೆ ಸಾಯುವುದಿಲ್ಲ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಬ್ರಾಮ್ ಸ್ಟೋಕರ್ 1897ರಲ್ಲಿ ತಂದ ಪುಸ್ತಕದಲ್ಲಿ ಅವನು ಹಾಡಹಗಲೇ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ನಿಂತಿರುತ್ತಾನೆ. ಹಗಲಿನಲ್ಲಿ ಅವನ ಮಾಯೆ ಕುಂದುತ್ತದೆ, ಅಷ್ಟೇ. ಸೂರ್ಯ ಹುಟ್ಟುವ ಗಳಿಗೆ, ಮುಳುಗುವ ಗಳಿಗೆ, ನಡುಮಧ್ಯಾಹ್ನ ಬಿಟ್ಟರೆ ಹಗಲು ಹೊತ್ತು ರೂಪ ಬದಲಿಸಲಾರ. ಬಿಸಿಲು ತಾಗಿದೊಡನೆ ಇಲ್ಲವಾಗಿಬಿಡುವುದು 1922ರ ಜರ್ಮನ್ ಮೂಕಿಚಿತ್ರವೊಂದರಿಂದ ಬಂದದ್ದು.

ಯಾಕೆ ಇಲ್ಲಿಂದಲೇ ಶುರು ಮಾಡಿದೆ ಅಂದರೆ, ರಾಯಚೂರಿನಲ್ಲಿ ನಡೆಯುವ ರಕ್ತಪಿಪಾಸುವಿನ ಕಥೆ ಬರೆಯುತ್ತೇನೆ ಎಂದವರಿಗೆ ಸಿಗುವ ಮೊದಲ ಉತ್ತರವೇ "ನಮ್ಮ ಬ್ಯಾಸಿಗಿಗೆ ಮನಶ್ಯಾರ ಉಳಿಯಂಗಿಲ್ಲ, ಅವ ಹೆಂಗ ಉಳೀತಾನ?" ಎಂಬ ನಗೆ. ನಗೆಗೆ ಹೆದರಿ ಬರೆಯುವವರು ಕಥೆಯನ್ನು ಮಡಿಕೇರಿಗೋ ಆಗುಂಬೆಗೋ ಸಾಗಿಸಿಬಿಡುತ್ತಾರೆ. ಮಂಜು, ಹಳೆ ಬಂಗಲೆ, ಕಾಫಿತೋಟ. ಅದು ಬೇಕಿರಲಿಲ್ಲ. ಮೂಲ ಪುಸ್ತಕವನ್ನೇ ಬಿಡಿಸಿ ನೋಡಿದ್ದರೆ ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಸ್ಟೇಷನ್ ರಸ್ತೆಯಲ್ಲಿ ಅವನು ಕಬ್ಬಿನ ಹಾಲಿನ ಗಾಡಿ ಪಕ್ಕ ನಿಂತಿರಬಹುದಿತ್ತು. ಕೈಯಲ್ಲಿ ಗ್ಲಾಸು ಹಿಡಿದಿರುತ್ತಾನೆ, ಕುಡಿಯುವುದಿಲ್ಲ. ನೋಡಿ, ದೃಶ್ಯ ಬಂತು.

ಹಳೆಯ ರಕ್ಕಸರನ್ನು ಇವತ್ತಿಗೆ ತರುವಾಗ ಬಹಳ ಮಂದಿ ವೇಷ ತರುತ್ತಾರೆ, ನಿಯಮ ಬಿಟ್ಟು ಬರುತ್ತಾರೆ. ಕಪ್ಪು ಮೇಲಂಗಿ ಬರುತ್ತದೆ, ಕೋರೆಹಲ್ಲು ಬರುತ್ತದೆ. ಏನು ಬೇಕು, ಏನು ಆಗದು ಎಂಬುದು ಮಾತ್ರ ಬರುವುದಿಲ್ಲ. ನೀವು ತಿರುವಿ ಮಾಡಿ. ವೇಷ ಅಲ್ಲೇ ಇರಲಿ, ನಿಯಮಗಳನ್ನು ಒಂದೂ ಬಿಡದೆ ತನ್ನಿ. ಆಮೇಲೆ ಆ ನಿಯಮ ನಮ್ಮ ನೆಲದ ಯಾವ ದಿನನಿತ್ಯದ ಸಂಗತಿಗೆ ತಾಗಿ ಎಡವುತ್ತದೆ ಎಂದು ಹುಡುಕಿ. ಎಡವಿದ ಕಡೆ ಕಥೆ ಇರುತ್ತದೆ.

ಕೆಲಸಕ್ಕೆ ಕೂರುವಾಗ ಒಂದು ನೋಟ್‌ಬುಕ್ಕಿನ ಎದುರುಬದುರು ಪುಟ ಹಿಡಿಯಿರಿ. ಎಡಕ್ಕೆ ರಕ್ಕಸನ ಲೆಕ್ಕ: ಏನು ತಿಂದು ಬದುಕುತ್ತಾನೆ, ಎಲ್ಲಿಗೆ ಹೋಗಲಾರ, ಏನು ಗುರುತು ಬಿಡುತ್ತಾನೆ, ಅವನನ್ನು ಮಾಡಿದವರು ಯಾರು. ಇದನ್ನು ಮೂಲ ಕಾದಂಬರಿ ಓದಿಯೇ ತುಂಬಬೇಕು, ಸಿನಿಮಾ ನೆನಪಿನಿಂದ ತುಂಬಿದರೆ ಬಿಸಿಲಿನ ಕಥೆಯೇ ಆಗುತ್ತದೆ. ಬಲಕ್ಕೆ ನಿಮ್ಮ ತಾಲ್ಲೂಕಿನ ಲೆಕ್ಕ: ನೀರು ಎಂದು ಬರುತ್ತದೆ, ಕರೆಂಟು ಎಂದು ಹೋಗುತ್ತದೆ, ಕೊನೇ ಬಸ್ಸು ಯಾವಾಗ, ಹಾಸ್ಟೆಲಿನ ಹಾಜರಿ ಎಷ್ಟು ಗಂಟೆಗೆ, ಧೂಳು ಯಾವ ಬಣ್ಣ. ಬಲಪುಟದಲ್ಲಿ ಸಂಸ್ಕೃತಿ, ಪರಂಪರೆ ಎಂಬ ಮಾತು ಬರೆದರೆ ಹೊಡೆದು ಹಾಕಿ. ಅದರಿಂದ ಯಾವ ರಕ್ಕಸನಿಗೂ ತೊಂದರೆಯಾಗುವುದಿಲ್ಲ.

ಡ್ರಾಕುಲಾನ ಒಂದು ನಿಯಮ ತೆಗೆದುಕೊಳ್ಳೋಣ. ಹರಿಯುವ ನೀರನ್ನು ಅವನು ತಾನಾಗಿ ದಾಟಲಾರ. ಸಮುದ್ರದ ಉಬ್ಬರ ತುಂಬಿದಾಗ ಇಲ್ಲವೇ ನೀರು ಸ್ತಬ್ಧವಾದಾಗ ಮಾತ್ರ ದಾಟಬಲ್ಲ. ನಮಗೆ ಸಮುದ್ರವಿಲ್ಲ, ಆದರೆ ರಾಯಚೂರು ಎಲ್ಲಿ ಕೂತಿದೆ ನೋಡಿ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಮೂಡಲಿಗೆ ಹೋದಷ್ಟೂ ಎರಡೂ ಹತ್ತಿರವಾಗಿ ಕೂಡುತ್ತವೆ. ಪಡುವಲ ಕಡೆ ಮಾತ್ರ ಬಾಯಿ ತೆರೆದ ಪಂಜರ ಅದು. ಆ ಪಂಜರದೊಳಗೆ ಇನ್ನೊಂದು ಗೆರೆ ಇದೆ, ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ. ಮುನಿರಾಬಾದಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿಲೋಮೀಟರ್ ಹೋಗುತ್ತದೆ. ಈ ಕಾಲುವೆ ಸದಾ ಹರಿಯುವುದಿಲ್ಲ. ನೀರಾವರಿ ಸಲಹಾ ಸಮಿತಿ ಕೂತು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನೀರು ಎಂದು ತೀರ್ಮಾನಿಸುತ್ತದೆ, ಪೇಪರಿನಲ್ಲಿ ಬರುತ್ತದೆ, ರೈತರು ಕಾಯುತ್ತಾರೆ. ನಿಮ್ಮ ಕಥೆಯಲ್ಲಿ ಇನ್ನೊಬ್ಬ ಕೂಡ ಅದೇ ಪೇಪರು ಓದುತ್ತಿರುತ್ತಾನೆ. ಕಾಲುವೆ ಬಂದ್ ಆದ ರಾತ್ರಿ ಅವನಿಗೆ ಬಾಗಿಲು ತೆರೆದ ಹಾಗೆ.

ಇನ್ನೂ ಸ್ವಲ್ಪ ಕೆದಕಿ. ಕಾಲುವೆಯ ಕೊನೆ ಭಾಗಕ್ಕೆ, ಮಾನ್ವಿ, ಸಿರವಾರದ ಕಡೆ, ನೀರು ಸರಿಯಾಗಿ ಮುಟ್ಟುವುದಿಲ್ಲ ಎಂಬ ಕೂಗು ವರ್ಷವರ್ಷವೂ ಕೇಳುತ್ತೇವೆ. ಮೇಲ್ಭಾಗದಲ್ಲಿ ಪಂಪು ಹಚ್ಚಿ ಎತ್ತುತ್ತಾರೆ, ಕೆಳಗೆ ತೂಬು ಒಣಗುತ್ತದೆ. ಹಾಗಾದರೆ ಮೇಲ್ಭಾಗದ ಊರುಗಳಿಗೆ ಮಳೆಗಾಲದಿಡೀ ರಕ್ಷಣೆ, ಕೊನೆ ಭಾಗದ ಊರುಗಳಿಗೆ ಇಲ್ಲ. ನೀರು ಕದ್ದವನ ಮನೆ ಸುರಕ್ಷಿತ, ನೀರು ಸಿಗದವನ ಮನೆಗೆ ರಕ್ಕಸ. ಈ ಅನ್ಯಾಯವನ್ನು ನೀವು ಒಂದು ಸಾಲು ಭಾಷಣ ಮಾಡಿ ಹೇಳಬೇಕಾಗಿಲ್ಲ. ಹದಿನಾರರ ಹುಡುಗಿಯೊಬ್ಬಳು ರಾತ್ರಿ ಟಾರ್ಚು ಹಿಡಿದು ಉಪಕಾಲುವೆಯ ಗೇಜಿನಲ್ಲಿ ನೀರಿನ ಮಟ್ಟ ನೋಡುತ್ತಾಳೆ. ಅವಳಪ್ಪ ಭತ್ತಕ್ಕೆ ಎಂದುಕೊಂಡಿದ್ದಾನೆ. ಓದುಗರಿಗೆ ಗೊತ್ತು.

ನಿಯಮದ ಮರಿನಿಯಮವನ್ನೂ ಮರೆಯಬೇಡಿ. ಅವನು ತಾನಾಗಿ ದಾಟಲಾರ, ಆದರೆ ಹೊತ್ತು ದಾಟಿಸಬಹುದು. ಪುಸ್ತಕದಲ್ಲಿ ಡಿಮೀಟರ್ ಎಂಬ ಹಡಗು ಅವನನ್ನೂ ಅವನೂರಿನ ಮಣ್ಣಿನ 50 ಪೆಟ್ಟಿಗೆಗಳನ್ನೂ ಇಂಗ್ಲೆಂಡಿಗೆ ಹೊತ್ತು ತರುತ್ತದೆ. ನಿಮ್ಮಲ್ಲಿ ಸಿಂಧನೂರಿನ ಅಕ್ಕಿ ಮಿಲ್ಲಿಗೆ ಹೋಗುವ ಲಾರಿ ಇದೆ. ಚೀಲಗಳ ನಡುವೆ ಒಂದು ಪೆಟ್ಟಿಗೆ ಏಕಿದೆ ಎಂದು ಕೇಳದ ಕ್ಲೀನರ್ ಇದ್ದಾನೆ. ಅವನಿಗೆ ಹದಿನೇಳು ವರ್ಷ ಕೊಡಿ.

ಅವನು ಇಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೂ ನೆಲವೇ ಉತ್ತರ ಕೊಡುತ್ತದೆ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕುದಾರರೂ ಇದ್ದರು. ಕೋಟೆಯ ಗೋಡೆಯ ಮೇಲಿದ್ದವರನ್ನು ಅವರು ಗುರಿಯಿಟ್ಟು ಉರುಳಿಸಿದರು. ಆ ಗುಂಪಿನ ಹಿಂದೆ ಕುದುರೆ ನೋಡಿಕೊಳ್ಳುವವನಾಗಿ ಒಬ್ಬ ಬಂದ ಎಂದು ನೀವು ಸೇರಿಸಿದರೆ ಐನೂರು ವರ್ಷದ ಲೆಕ್ಕ ಕೂಡುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಸ್ಟೋಕರನ ಡ್ರಾಕುಲಾ ತನ್ನ ವಂಶ ತುರುಕರ ಮೇಲೆ ಕಾದಿದ್ದನ್ನು ಜಂಬದಿಂದ ಹೇಳುತ್ತಾನೆ. ಅದನ್ನು ಹಾಗೇ ಎರಡು ನದಿಗಳ ನಡುವಿನ ಈ ದೋಆಬಿಗೆ ತಂದು ರಕ್ಕಸನಿಗೆ ಒಂದು ಜಾತಿಯನ್ನೋ ಮತವನ್ನೋ ಅಂಟಿಸಿದರೆ ನಿಮ್ಮ ಕಾದಂಬರಿ ಅಲ್ಲಿಗೆ ಕೆಟ್ಟಿತು. ಈ ಮಣ್ಣಿಗಾಗಿ ಎಲ್ಲ ಕಡೆಯವರೂ ಬಡಿದಾಡಿದ್ದಾರೆ. ಯಾರ ಕಡೆಯೂ ಅಲ್ಲದ, ಸಂಬಳಕ್ಕೆ ಬಂದ ಪರದೇಶಿಯೇ ವಾಸಿ.

ಮಣ್ಣಿನ ವಿಷಯ. ಹಗಲು ಮಲಗಲು ಅವನಿಗೆ ತನ್ನ ಮಣ್ಣು ಬೇಕು. ಐನೂರು ವರ್ಷ ಎರೆಭೂಮಿಯಲ್ಲಿ ಮಲಗಿದವನಿಗೆ ಅದೇ ತನ್ನ ಮಣ್ಣಾಗಿದೆ ಎಂದು ನೀವು ತೀರ್ಮಾನಿಸಬಹುದು. ತೀರ್ಮಾನಿಸಿ, ಬರೆದಿಟ್ಟು, ಆಮೇಲೆ ಬದಲಿಸಬೇಡಿ. ಬೇಸಿಗೆಯಲ್ಲಿ ಎರೆಹೊಲ ತೋಳು ಇಳಿಯುವಷ್ಟು ಬಿರಿಯುತ್ತದೆ. ಅವನಿಗೆ ಹಾಸಿಗೆ. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಅದೇ ಹೊಲಕ್ಕೆ ಭತ್ತ ಬಂತು, ಗದ್ದೆಯಲ್ಲಿ ನೀರು ನಿಂತಿತು. ಮಲಗುವ ಜಾಗ ಮುಳುಗಿತು. ಅಂದರೆ ನಿಮ್ಮ ರಕ್ಕಸ ಒಬ್ಬ ಮುಳುಗಡೆ ಸಂತ್ರಸ್ತ, ಅದೂ ಪರಿಹಾರ ಸಿಗದವ! ಅವನು ಊರಿನೊಳಗೆ ಬರಲು ಈಗ ಕಾರಣವಿದೆ. "ಪೀಳಿಗೆಯ ಶಾಪ", "ಹುಣ್ಣಿಮೆಯ ಗ್ರಹಗತಿ" ಏನೂ ಬೇಕಿಲ್ಲ.

ಇನ್ನೊಂದು ನಿಯಮ: ಅವನಿಗೆ ನೆರಳಿಲ್ಲ, ಕನ್ನಡಿಯಲ್ಲಿ ಬಿಂಬವಿಲ್ಲ. ಕನ್ನಡಿ ಸವೆದುಹೋದ ಸರಕು. ಈಗ ಫೋನಿನ ಸೆಲ್ಫಿಯಲ್ಲಿ ಕಾಣುವುದಿಲ್ಲ ಎಂದು ಬರೆಯುತ್ತಾರೆ, ಅದೂ ಮೂರನೆಯ ಸಲಕ್ಕೆ ಸಪ್ಪೆ. ನೆರಳನ್ನು ಹಿಡಿಯಿರಿ. ನೆರಳೇ ಬದುಕಾದ ಊರು ಕೊಪ್ಪಳ ಜಿಲ್ಲೆಯಲ್ಲೇ ಇದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಹದ ಮಾಡಿದ ತೊಗಲು ಬೆಳಕನ್ನು ಬಿಟ್ಟುಕೊಡುವಷ್ಟು ತೆಳ್ಳಗಿರುತ್ತದೆ, ಅದಕ್ಕೇ ಪರದೆಯ ಮೇಲೆ ಬಣ್ಣದ ನೆರಳು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಷ್ಟೂ ಗೆರೆ ಚೊಕ್ಕ. ಆಡಿಸುವವರ ಕೈ ಹಿಂದೆ ಉಳಿಯುತ್ತದೆ, ನೋಡುವವರಿಗೆ ಕಾಣುವುದಿಲ್ಲ.

ಈಗ ಯೋಚಿಸಿ. ನೆರಳಿಲ್ಲದವನು ಅಡಗಲು ಇದಕ್ಕಿಂತ ಒಳ್ಳೇ ಜಾಗ ಯಾವುದು? ಅವನೊಂದು ಕಾಲ್ಪನಿಕ ಮೇಳದಲ್ಲಿ ಗೊಂಬೆ ಆಡಿಸುತ್ತಿದ್ದಾನೆ. ಹನುಮಂತನ ನೆರಳು ಬೀಳುತ್ತದೆ, ಕೋಲಿನ ನೆರಳೂ ಬೀಳುತ್ತದೆ, ಕೈಯದು ಬೀಳುವುದಿಲ್ಲ. ಯಾರ ಕೈಯದೂ ಬೀಳಬಾರದಲ್ಲ, ಹಾಗಾಗಿ ಯಾರಿಗೂ ಅನುಮಾನವಿಲ್ಲ. ಸಿಕ್ಕಿಬೀಳುವುದು ಹಿಂದೆ ಇರುವವರಿಗೆ. ಹಾಡುವವಳ ಮೊಮ್ಮಗಳು ದೀಪದ ಕುಡಿ ಸರಿಮಾಡಲು ಬಗ್ಗುತ್ತಾಳೆ, ಅವಳ ತಲೆಯ ನೆರಳು ದೊಡ್ಡದಾಗಿ ಅರ್ಧ ಪರದೆ ತುಂಬುತ್ತದೆ, ಮುಂದೆ ಕೂತ ಹುಡುಗರು ಸಿಳ್ಳೆ ಹೊಡೆಯುತ್ತಾರೆ. ದೀಪ ಮತ್ತು ಪರದೆಯ ನಡುವೆ, ಅವಳ ಪಕ್ಕದಲ್ಲೇ ಅವನೂ ನಿಂತಿದ್ದಾನೆ. ಅವಳ ನೆರಳಿನ ಪಕ್ಕ ಅವನದು ಎಲ್ಲೂ ಇಲ್ಲ. ಇಲ್ಲಿ ನೀವು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಒಂದು ಸಣ್ಣ ಮಾತು: ಅವನು ತೊಟ್ಟ ಅಂಗಿಗೆ ನೆರಳುಂಟೇ? ಪುಸ್ತಕದ ಕನ್ನಡಿಯಲ್ಲಿ ಅವನ ಬಟ್ಟೆಯೂ ಕಾಣುವುದಿಲ್ಲ. ಹಾಗಾದರೆ ಮೈಗೆ ತೊಟ್ಟದ್ದಕ್ಕೆ ಇಲ್ಲ, ಕೈಯಲ್ಲಿ ಹಿಡಿದದ್ದಕ್ಕೆ ಉಂಟು. ಹೆಗಲ ಮೇಲಿನ ಟವೆಲ್ ಯಾವ ಲೆಕ್ಕಕ್ಕೆ? ನಿಮ್ಮ ಹದಿನಾಲ್ಕರ ಓದುಗ ಇದನ್ನು ಕೇಳಿಯೇ ಕೇಳುತ್ತಾನೆ. ದೊಡ್ಡವರು ಕೇಳುವುದಿಲ್ಲ, ಅದಕ್ಕೇ ದೊಡ್ಡವರಿಗೆ ಬರೆಯುವುದು ಸಲೀಸು.

ಕರೆಯದೆ ಮನೆಯೊಳಗೆ ಬರಲಾರ ಎಂಬ ನಿಯಮ ಮಾತ್ರ ನಮ್ಮ ಕಡೆ ತೊಂದರೆ ಕೊಡುತ್ತದೆ. ಇಲ್ಲಿ ಬಾಗಿಲಲ್ಲಿ ಯಾರೇ ನಿಂತರೂ "ಬರ್ರಿ ಒಳಗ, ಕುಂದರ್ರಿ" ಎಂಬ ಮಾತು ಯೋಚನೆಗೆ ಮುಂಚೆ ಬಾಯಿಗೆ ಬರುತ್ತದೆ. ನಿಯಮ ಮೊದಲ ಪುಟದಲ್ಲೇ ಸೋತಿತು. ಎರಡು ದಾರಿಗಳಿವೆ. ಒಂದು, ಊರು ಹಂತಹಂತವಾಗಿ ಕರೆಯುವುದನ್ನೇ ಬಿಡುತ್ತದೆ, ಬೀಗರನ್ನೂ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತದೆ, ಅದರಿಂದ ಮುರಿಯುವ ಸಂಬಂಧಗಳೇ ಕಥೆಯ ಅರ್ಧ. ಇನ್ನೊಂದು, ಕರೆಯುವ ಅಧಿಕಾರ ಯಾರದು ಎಂಬ ಜಗಳ. ಬಾಡಿಗೆ ಮನೆಗೆ ಮಾಲೀಕ ಕರೆದರೆ ಆಯಿತೇ? ಹಾಸ್ಟೆಲಿಗೆ ವಾರ್ಡನ್ ಕರೆದರೆ ಎಲ್ಲ ಕೋಣೆಗೂ ಕರೆದಂತೆಯೇ? ಹಾಸ್ಟೆಲಿನಲ್ಲಿ ಓದಿದ ಮಕ್ಕಳಿಗೆ ಎರಡನೆಯದು ಹೆಚ್ಚು ತಾಗುತ್ತದೆ. ಗೋಡೆಯ ಮೇಲೆ "ನಾಳೆ ಬಾ" ಬರೆಯುವ ನಮ್ಮದೇ ರೂಢಿಯನ್ನು ಇದಕ್ಕೆ ಬೆಸೆಯಬಹುದಲ್ಲ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬೆಸೆಯಬೇಡಿ. ಆ ದೆವ್ವ ತಾನೇ ಬಾಗಿಲು ಬಡಿದು ಹೆಸರು ಕೂಗುತ್ತದೆ, ಓಗೊಟ್ಟವರು ಕೆಟ್ಟರು. ಅದು ಬೇರೆ ನಿಯಮ, ಬೇರೆ ಕಾದಂಬರಿ. ಎರಡನ್ನೂ ಕಲಸಿದರೆ ಓದುಗನಿಗೆ ಯಾವುದಕ್ಕೆ ಹೆದರಬೇಕೆಂದು ತಿಳಿಯುವುದಿಲ್ಲ.

ಫ್ರಾಂಕೆನ್‌ಸ್ಟೈನ್‌ಗೆ ಬರೋಣ. ವಿಕ್ಟರ್ ಎಂಬವನು ಸತ್ತವರ ಅಂಗಗಳನ್ನು ಕೂಡಿಸಿ ಜೀವಿಯೊಂದನ್ನು ಮಾಡಿ, ಅದರ ರೂಪಕ್ಕೆ ಹೇಸಿ ಬಿಟ್ಟು ಓಡುವ ಕಥೆ ಅದು. ನಿಮ್ಮಲ್ಲಿ ಪಿಯುಸಿಯವರೂ ಇದ್ದೀರಿ, ಆದ್ದರಿಂದ ಹೇಳುತ್ತೇನೆ: ಮೇರಿ ಶೆಲ್ಲಿ ಇದನ್ನು 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಶುರು ಮಾಡಿದಾಗ ಅವಳಿಗೆ 18. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಅಗ್ನಿಪರ್ವತ ಸಿಡಿದು ಬೂದಿ ಆಕಾಶಕ್ಕೇರಿತ್ತು, ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯೊಳಗೆ ಕೂತವರು ದೆವ್ವದ ಕಥೆ ಬರೆಯೋಣ ಎಂದು ಪಂದ್ಯ ಕಟ್ಟಿಕೊಂಡರು. 1818ರ ಜನವರಿಯಲ್ಲಿ 500 ಪ್ರತಿ ಅಚ್ಚಾಯಿತು, ಬರೆದವರ ಹೆಸರಿಲ್ಲದೆ.

ಈ ಕಥೆಯನ್ನು ಇವತ್ತಿಗೆ ತರುವವರು ಹತ್ತಕ್ಕೆ ಒಂಬತ್ತು ಮಂದಿ ಕೃತಕ ಬುದ್ಧಿಮತ್ತೆಗೆ ಹಾರುತ್ತಾರೆ. ಕಂಪ್ಯೂಟರು ಮಾತಾಡುತ್ತದೆ, ಮಾಡಿದವನಿಗೆ ತಿರುಗಿ ಬೀಳುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಜೀವಿಯ ಸಂಕಟವೆಲ್ಲ ಮೈಯದು. ಎಂಟು ಅಡಿ ಎತ್ತರ, ಸ್ನಾಯು ಕಾಣುವಷ್ಟು ಬಿಗಿದ ಹಳದಿ ಚರ್ಮ, ಕಪ್ಪು ತುಟಿ. ಅವನು ಬಾಯಿ ತೆರೆಯುವ ಮುಂಚೆಯೇ ಜನ ಓಡುತ್ತಾರೆ. ಮೊಡವೆ, ಮೀಸೆ, ಒಡೆದ ದನಿ, ಎತ್ತರ, ಕುಳ್ಳು, ಬಣ್ಣ ಎಂದು ಕನ್ನಡಿ ಮುಂದೆ ನಿಂತು ಒದ್ದಾಡುವ ವಯಸ್ಸಿನವರಿಗೆ ಮೈಯಿಲ್ಲದ ರಕ್ಕಸನನ್ನು ಕೊಟ್ಟು ಏನು ಮಾಡುತ್ತೀರಿ?

ಮೈ ಇರಲಿ, ಹೊಲಿದದ್ದೇ ಇರಲಿ. ಶವಪರೀಕ್ಷೆಯ ಕೋಣೆಯಿಂದ, ಕಸಾಯಿಖಾನೆಯಿಂದ ತಂದ ಭಾಗಗಳು ಎಂದು ಮೂಲದಲ್ಲಿದೆ. ಸಣ್ಣ ಭಾಗಗಳ ಕೆಲಸ ನಿಧಾನವೆಂದು ವಿಕ್ಟರ್ ದೊಡ್ಡ ಅಳತೆ ಹಿಡಿದ, ಅದಕ್ಕೆ ಎಂಟು ಅಡಿ. ಅವಸರದ ಕೆಲಸ ನೋಡಿ! ನಿಮ್ಮ ವಿಕ್ಟರ್ ಕಿನ್ನಾಳದ ಚಿತ್ರಗಾರರ ಮನೆಯ ಹುಡುಗಿಯಾದರೆ ಅವಳಿಗೆ ಅವಸರ ಆಗಿಬರುವುದಿಲ್ಲ. ಕಿನ್ನಾಳದ ಗೊಂಬೆಯಲ್ಲಿ ಅಂಗಗಳನ್ನು ಬೇರೆಬೇರೆ ಕಡೆದು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಬಳಿದು, ಮೇಲೆ ಅರಿವೆಯ ತುಂಡು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೆ ಬಣ್ಣ. ಬೆಸುಗೆ ಎಲ್ಲಿತ್ತೆಂದು ಆಮೇಲೆ ಯಾರಿಗೂ ಸಿಗದು. ಬೆಸುಗೆ ಮುಚ್ಚುವುದನ್ನು ಹುಟ್ಟಿನಿಂದ ನೋಡಿದವಳಿಗೆ ಜೀವಂತ ಚರ್ಮದ ಮೇಲೆ ಕಿಟ್ಟ ನಿಲ್ಲುವುದಿಲ್ಲ, ಚರ್ಮ ಬೆವರುತ್ತದೆ, ಬೆಳೆಯುತ್ತದೆ. ಅವಳು ಸೋಲುವುದು ಅಲ್ಲಿ.

ಮೂಲದಲ್ಲಿ ಆ ಜೀವಿ ತನಗೊಬ್ಬ ಸಂಗಾತಿ ಬೇಕೆಂದು ಕೇಳುತ್ತದೆ. ವಿಕ್ಟರ್ ಅವಳನ್ನು ಅರ್ಧ ಮಾಡಿ ಹರಿದು ಹಾಕುತ್ತಾನೆ. ಹರಿಯದೆ ಉಳಿದಿದ್ದರೆ? ಅವಳನ್ನೇ ನಾಯಕಿ ಮಾಡಿ. ಹೆಸರಿಲ್ಲ, ಹುಟ್ಟಿದ ತಾರೀಖಿಲ್ಲ. ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸು ಹತ್ತುತ್ತಾಳೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡಿಲ್ಲ, ಆದರೆ ಗುರುತಿನ ಚೀಟಿ ತೋರಿಸಬೇಕು. "ಆಧಾರ್ ತೆಗಿಯವ್ವ" ಎನ್ನುತ್ತಾನೆ ಕಂಡಕ್ಟರ್. ಅವಳು ಆಧಾರ್ ಮಾಡಿಸಲು ಹೋದರೂ ಆಗುವುದಿಲ್ಲ. ಹತ್ತು ಬೆರಳಿನ ಗುರುತು ಕೊಡಬೇಕು, ಅವಳ ಹತ್ತು ಬೆರಳು ಹತ್ತು ಜನರವು, ಅವರಲ್ಲಿ ಕೆಲವರಿಗೆ ಆಗಲೇ ಆಧಾರ್ ಇದೆ. ಎಡಗೈ ಹೆಬ್ಬೆರಳು ರೇಷನ್ ಅಂಗಡಿಯ ಯಂತ್ರದಲ್ಲಿ ಒಬ್ಬ ಸತ್ತ ಹೆಂಗಸಿನ ಹೆಸರು ತೋರಿಸಿಬಿಟ್ಟರೆ? ಆ ಹೆಂಗಸಿನ ಮಗ ಅದೇ ಸಾಲಿನಲ್ಲಿ ಚೀಲ ಹಿಡಿದು ನಿಂತಿದ್ದರೆ? ನಾನಾದರೆ ಕಾದಂಬರಿಯನ್ನು ಇಲ್ಲಿಂದಲೇ ಶುರು ಮಾಡುತ್ತೇನೆ.

ಭಾಷೆ ಕಲಿಯುವ ಭಾಗ ಬಿಡಬೇಡಿ. ಮೇರಿಯ ಪುಸ್ತಕದಲ್ಲಿ ಜೀವಿ ಒಂದು ಬಡ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ನೋಡುತ್ತಾ ಮಾತು ಕಲಿಯುತ್ತದೆ. ಮೊದಲು ಅವರ ಊಟ ಕದಿಯುತ್ತಿತ್ತು, ಅವರೂ ಬಡವರೆಂದು ತಿಳಿದ ಮೇಲೆ ನಿಲ್ಲಿಸಿ, ರಾತ್ರಿ ಸೌದೆ ತಂದಿಡುತ್ತದೆ. ನಿಮ್ಮಲ್ಲಿ ಸರ್ಕಾರಿ ಶಾಲೆಯ ನಲಿಕಲಿ ಕೋಣೆ ಇದೆ, ಅದರ ಹಿಂದೆ ಬಿದ್ದ ಹಳೆ ಕೋಣೆ ಇದೆ. ಸೌದೆಯ ಬದಲು ನೀರು. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿ ಬಾಗಿಲಲ್ಲಿಟ್ಟು ಹೋಗುತ್ತಾಳೆ. ನಾಣ್ಯ ಎಲ್ಲಿಂದ ಬಂತು ಎಂದೂ ನೀವು ಉತ್ತರಿಸಬೇಕು. ಇನ್ನೊಂದು ಕಸುಬಿನ ಗುಟ್ಟು: 1831ರ ಆವೃತ್ತಿಯಲ್ಲಿ ಜೀವಿ ತನ್ನ ಕಥೆ ಹೇಳುವುದು 11ರಿಂದ 16ನೆಯ ಅಧ್ಯಾಯದವರೆಗೆ, ಪುಸ್ತಕದ ನಟ್ಟನಡುವೆ. ರಕ್ಕಸನ ಮಾತನ್ನು ಕೊನೆಗೆ ತಳ್ಳಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ನಡುವೆ ಇಟ್ಟರೆ ಓದುಗನು ಉಳಿದರ್ಧ ಪುಸ್ತಕವನ್ನು ಪಕ್ಷ ಬದಲಿಸಿ ಓದುತ್ತಾನೆ.

ಎಚ್.ಜಿ. ವೆಲ್ಸನ ಅದೃಶ್ಯ ಮನುಷ್ಯ, ಅದೂ 1897ರದ್ದೇ. ಅವನ ಪಾಡು ಬಳ್ಳಾರಿಗೆ ಹೇಳಿ ಮಾಡಿಸಿದಂತಿದೆ. ಅವನು ಬಟ್ಟೆ ತೊಟ್ಟರೆ ಬಟ್ಟೆ ಕಾಣುತ್ತದೆ, ಆದ್ದರಿಂದ ಬೆತ್ತಲೆ ತಿರುಗಬೇಕು. ಮಳೆ, ಹೊಗೆ, ಕೆಸರು ಮೈ ಗುರುತು ಕೊಡುತ್ತವೆ. ನಾಯಿಗೆ ವಾಸನೆ ಸಿಗುತ್ತದೆ. ತಿಂದದ್ದು ಅರಗುವವರೆಗೆ ಕಾಣುತ್ತದೆ. ಬೆಳಿಗ್ಗೆ ಒಗ್ಗರಣಿ ಮಿರ್ಚಿ ತಿಂದು ತೋರಣಗಲ್ಲಿನ ಬಸ್ ನಿಲ್ದಾಣದಲ್ಲಿ ನಿಂತವನ ಪಾಡೇನು? ಲಂಡನ್ನಿನಲ್ಲಿ ಅವನ ಶತ್ರು ಚಳಿ, ಇಲ್ಲಿ ಕಾದ ಡಾಂಬರು. ಅಲ್ಲಿ ಹಿಮ ಮೈಮೇಲೆ ಕೂರುವ ಭಯ, ಇಲ್ಲಿ ಸಂಡೂರಿನಿಂದ ಇಳಿಯುವ ಲಾರಿಗಳ ಅದಿರು ಧೂಳು. ಕೆಂಪಗೆ ಹುಬ್ಬು, ಮೂಗಿನ ತುದಿ, ಹೆಗಲು ಮೂಡುತ್ತದೆ. ಉಷ್ಣ ವಿದ್ಯುತ್ ಸ್ಥಾವರದ ಶಕ್ತಿನಗರದಲ್ಲಾದರೆ ಹಾರುಬೂದಿ, ಬೂದುಬಣ್ಣ.

ವೆಲ್ಸ್ ಇನ್ನೊಂದು ಸೂಕ್ಷ್ಮ ಇಟ್ಟಿದ್ದಾನೆ. ಬದಲಾದದ್ದು ಜೀವಂತ ಅಂಗಾಂಶ ಮಾತ್ರ, ಅದಕ್ಕೆ ರಕ್ತ ಹೊರಬಂದು ಹೆಪ್ಪುಗಟ್ಟಿದರೆ ಕಾಣುತ್ತದೆ. ಹಾಗಾದರೆ ಬೆವರು? ಬೆವರು ನೀರಿನಂತಿದ್ದಾಗ ಕಾಣದು, ಒಣಗಿದರೆ ಉಪ್ಪು ಉಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ, ತಗಡಿನ ಶೆಡ್ಡು, ಗಾಳಿಯಲ್ಲಿ ಬೆನ್ನಿನ ಅಗಲದ ಒಂದು ಬಿಳಿ ಉಪ್ಪಿನ ಗೆರೆ ಸುಮ್ಮನೆ ನಿಂತಿದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಹುಡುಗಿಯನ್ನು ಅದೃಶ್ಯ ಮಾಡಬೇಕೆಂದು ನಿಮ್ಮಲ್ಲಿ ಹಲವರಿಗೆ ಅನ್ನಿಸುತ್ತದೆ. "ದುಡಿಯುವವರು ಯಾರ ಕಣ್ಣಿಗೂ ಬೀಳುವುದಿಲ್ಲ" ಎಂಬ ಅರ್ಥ ತಾನಾಗಿ ಬರುತ್ತದೆ ಎಂಬ ಆಸೆ. ಮಾಡಿ, ಆದರೆ ಅರ್ಥವನ್ನು ಉಪ್ಪಿಗಿಂತ ಮುಂದೆ ಓಡಿಸಬೇಡಿ. ವೆಲ್ಸನ ಅದೃಶ್ಯ ಮನುಷ್ಯ ಗ್ರಿಫಿನ್ ಹುಟ್ಟಾ ಬಿಳುಪಿನವನು, ಅದು ಅವನ ಪ್ರಯೋಗಕ್ಕೆ ಅನುಕೂಲವಾಯಿತು ಎಂದಿದೆ. ಇದನ್ನು ತರಬೇಡಿ. ತೊನ್ನು, ಸುಟ್ಟ ಗಾಯ, ಕುಂಟು, ಯಾವುದನ್ನೂ ರಕ್ಕಸತನದ ಗುರುತು ಮಾಡಬೇಡಿ, ಅದೇ ಗುರುತಿರುವ ಮಗು ನಿಮ್ಮ ಪುಸ್ತಕ ಹಿಡಿದು ಕೂತಿರುತ್ತದೆ.

ಮದ್ದು ಕುಡಿದು ಡಾಕ್ಟರ್ ಜೆಕಿಲ್ ದುಷ್ಟ ಹೈಡ್ ಆಗುವ ಸ್ಟೀವನ್ಸನ್ನನ ಕಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1886ರಲ್ಲಿ ಇಬ್ಬರೂ ಒಬ್ಬನೇ ಎಂಬುದು ಕೊನೆಗೆ ಒಡೆಯುವ ಗುಟ್ಟು, ಇವತ್ತು ಪುಸ್ತಕ ಓದದವರಿಗೂ ಗೊತ್ತು. ಆದ್ದರಿಂದ ಗುಟ್ಟನ್ನು ನಂಬಿ ಕಟ್ಟಬೇಡಿ. ಗೊತ್ತಿದ್ದೂ ಮುಚ್ಚಿಡುವ ರೂಮ್‌ಮೇಟ್ ಒಬ್ಬನನ್ನು ತನ್ನಿ, ಅವನ ಬಾಯಲ್ಲಿ ಕಥೆ ಹೇಳಿಸಿ. ಸ್ಟೀವನ್ಸನ್ ಒಂದು ಚಂದದ ವಿವರ ಇಟ್ಟಿದ್ದಾನೆ: ಮದ್ದು ಕೆಲಸ ಮಾಡಿದ್ದು ಮೊದಲು ಕೊಂಡ ಲವಣದಲ್ಲಿದ್ದ ಕಲ್ಮಶದಿಂದ. ಅದು ಮುಗಿದ ಮೇಲೆ ಜೆಕಿಲ್ ಶುದ್ಧ ಲವಣ ತಂದು ತಂದು ಸೋಲುತ್ತಾನೆ. ಆ ದ್ರಾವಣ ಕೆಂಪಿನಿಂದ ಕಡುನೇರಳೆಗೆ ತಿರುಗಿ, ಕೊನೆಗೆ ನೀರುಹಸಿರಾಗುತ್ತದೆ. ಜೀನ್ಸನ್ನು ಅಲ್ಲಲ್ಲಿ ಬೆಳ್ಳಗೆ ಮಾಡಲು ಸಿಂಪಡಿಸುವ ಪೊಟ್ಯಾಸಿಯಂ ಪರ್ಮಾಂಗನೇಟ್ ಕೂಡ ನೇರಳೆ. ವಾಷಿಂಗ್ ಘಟಕದ ಹಿಂದಿನ ಒಂದು ಹಳೆ ಡ್ರಮ್ಮು ಸಾಕು. ಪಾಕವಿಧಾನ ಮಾತ್ರ ಬರೆಯಬೇಡಿ, ಅಳತೆ ಕೊಡಬೇಡಿ. ಮಾಡಿ ನೋಡುವ ವಯಸ್ಸಿನವರಿಗೆ ಬರೆಯುತ್ತಿದ್ದೀರಿ.

ಕಟ್ಟುವ ಬಗೆ. ಡ್ರಾಕುಲಾ ಇಡೀ ಪುಸ್ತಕ ದಿನಚರಿ, ಪತ್ರ, ತಂತಿ, ಪೇಪರು ತುಣುಕು, ಹಡಗಿನ ದಾಖಲೆ, ಫೋನೋಗ್ರಾಫ್ ಧ್ವನಿಮುದ್ರಣಗಳ ಕಟ್ಟು. ಅವುಗಳಲ್ಲಿ ಫೋನೋಗ್ರಾಫ್ ಅಂದಿನ ಕಾಲಕ್ಕೆ ಹೊಸ ಸಾಧನ. ಕಥೆಯ ನಾಯಕಿ ಮೀನಾ ಎಲ್ಲವನ್ನೂ ಟೈಪು ಮಾಡಿ ಪ್ರತಿ ತೆಗೆಯುತ್ತಾಳೆ. ಡ್ರಾಕುಲಾ ಬಂದು ಹಸ್ತಪ್ರತಿ, ಧ್ವನಿಸಿಲಿಂಡರುಗಳನ್ನು ಸುಟ್ಟರೂ ಇನ್ನೊಂದು ಪ್ರತಿ ತಿಜೋರಿಯಲ್ಲಿ ಉಳಿಯುತ್ತದೆ. ನೀವು ವಾಟ್ಸಾಪ್ ಸಂದೇಶ, ವಾಯ್ಸ್ ನೋಟ್, ಹಾಸ್ಟೆಲ್ ಹಾಜರಿ, ಕಾಲುವೆಯ ಗೇಜ್ ಪುಸ್ತಕ ಬಳಸಬಹುದು. ಆದರೆ ಪ್ರತಿ ದಾಖಲೆಗೂ ಎರಡು ಉತ್ತರ ಇರಬೇಕು: ಇದನ್ನು ಯಾರು ಉಳಿಸಿದರು, ಇದನ್ನು ಇಲ್ಲಿ ಯಾರು ಜೋಡಿಸಿದರು. ಚಾಟ್ ಸಂಭಾಷಣೆ ಅರ್ಧ ಪುಟ ದಾಟಿದರೆ ಅಚ್ಚಿನಲ್ಲಿ ಸತ್ತುಹೋಗುತ್ತದೆ, ಕಣ್ಣು ಜಾರುತ್ತದೆ. ಅಳಿಸಿದ ಸಂದೇಶದ ಗುರುತು ಉಳಿಯುತ್ತದಲ್ಲ, ಅದನ್ನು ಒಮ್ಮೆ ಬಳಸಿ, ಎರಡು ಸಲ ಬೇಡ.

ನಿಜ ಘಟನೆ ಸೇರಿಸುವುದಾದರೆ ಲೆಕ್ಕ ತಪ್ಪಬಾರದು. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಆ ರಾತ್ರಿಯನ್ನು ಹಿನ್ನೆಲೆಯಾಗಿ ಇಟ್ಟುಕೊಳ್ಳಿ, ಚೈನು ಕತ್ತರಿಸಿದ್ದು ನಿಮ್ಮ ರಕ್ಕಸ ಎನ್ನಬೇಡಿ. ಹಗಲಿರುಳು ನಿಂತು ಹೊಸ ತಡೆ ಕೂರಿಸಿದ ಜನ ಇದ್ದಾರೆ, ಉತ್ತರ ಹೇಳಬೇಕಾದವರೂ ಇದ್ದಾರೆ, ಇಬ್ಬರನ್ನೂ ಮಾಯೆಯ ಹಿಂದೆ ಮುಚ್ಚಿದಂತಾಗುತ್ತದೆ. ಹಾಗೆಯೇ ಬಾಣಾಮತಿ, ಅಂದರೆ ಮಾಟ. ನಮ್ಮ ಕಡೆ ಆ ಅಪವಾದಕ್ಕೆ ಹೆಂಗಸರು ಹೊಡೆತ ತಿಂದಿದ್ದಾರೆ, 2017ರಲ್ಲಿ ರಾಜ್ಯ ಕಾಯ್ದೆಯನ್ನೇ ತಂದಿದೆ. ನೆರೆಮನೆಯ ಮುದುಕಿಯ ಮೇಲೆ ಅನುಮಾನ ಹುಟ್ಟಿಸಿ ಪುಟ ತಿರುಗಿಸುವ ಉಪಾಯ ನಿಮಗೆ ಬೇಡ.

ಹಕ್ಕಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಲೇಖಕ ಸತ್ತ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ. ಮೇರಿ ಶೆಲ್ಲಿ 1851ರಲ್ಲಿ, ಸ್ಟೀವನ್ಸನ್ 1894ರಲ್ಲಿ, ಸ್ಟೋಕರ್ 1912ರಲ್ಲಿ, ವೆಲ್ಸ್ 1946ರಲ್ಲಿ ತೀರಿಕೊಂಡರು. ನಾಲ್ವರ ಪಾತ್ರಗಳೂ ಇಲ್ಲಿ ಮುಕ್ತ. ಆದರೆ ಚಪ್ಪಟೆ ತಲೆ, ಕತ್ತಿನ ಬೋಲ್ಟು ಮೇರಿಯದಲ್ಲ, 1931ರ ಸಿನಿಮಾದ್ದು. ಮುಖಪುಟದ ಚಿತ್ರಗಾರರಿಗೆ ಇದನ್ನು ಬರೆದೇ ಕೊಡಿ, ಇಲ್ಲದಿದ್ದರೆ ಬೋಲ್ಟು ಬಂದೇ ಬರುತ್ತದೆ.

ಉದ್ದ? ಕನ್ನಡದಲ್ಲಿ 35ರಿಂದ 40 ಸಾವಿರ ಪದ ಸಾಕು, ಡೆಮ್ಮಿ ಅಳತೆಯಲ್ಲಿ ಸುಮಾರು 180 ಪುಟ. ಅಧ್ಯಾಯ ಒಂದೂವರೆ ಸಾವಿರ ಪದದ ಆಸುಪಾಸಿನಲ್ಲಿರಲಿ. ಪ್ರತಿ ನಿಯಮವನ್ನೂ ಮೂರು ಸಲ ಕಾಣಿಸಿ: ಮೊದಲ ಸಲ ಯಾರೂ ಗಮನಿಸದ ಹಾಗೆ, ಎರಡನೆಯ ಸಲ ಯಾರಿಗೋ ಪೆಟ್ಟಾಗುವ ಹಾಗೆ, ಮೂರನೆಯ ಸಲ ಮಕ್ಕಳು ಅದನ್ನೇ ಆಯುಧ ಮಾಡಿಕೊಳ್ಳುವ ಹಾಗೆ. ಮೂರನೆಯದನ್ನು ಮೇಷ್ಟ್ರೋ ಪೊಲೀಸರೋ ಮಾಡಿದರೆ ಹದಿನೈದರ ಓದುಗ ಪುಸ್ತಕ ಮಡಚುತ್ತಾನೆ. ಸಂಭಾಷಣೆ ಊರ ಮಾತಿನಲ್ಲಿರಲಿ, ನಿರೂಪಣೆ ನಿಮಗೆ ಸರಿ ಕಂಡದ್ದರಲ್ಲಿ. ಆದರೆ "ಹೊಂಟೀನಿ"ಯೋ "ಹೊಂಟೇನಿ"ಯೋ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬಳ್ಳಾರಿ ಪೇಟೆಯ ಹುಡುಗನ ಮಾತಲ್ಲಿ ತೆಲುಗು, ಉರ್ದು ನುಸುಳುತ್ತದೆ, ಕುಷ್ಟಗಿಯವನ ಮಾತು ಹಾಗಿರುವುದಿಲ್ಲ. ಪಾತ್ರಕ್ಕೊಂದು ಸಾಲು ಹಾಳೆಯಲ್ಲಿರಲಿ.

ಕೊನೆ ಹೇಗೆ ಎಂದು ಬಹಳ ಮಂದಿ ಚೀಟಿ ಕಳಿಸಿದ್ದೀರಿ. ಎಲ್ಲ ಕನಸಾಗಿತ್ತು ಎನ್ನುವುದನ್ನು ಬಿಟ್ಟು ಏನಾದರೂ ಮಾಡಿ. ಮೂಲಗಳು ಏನು ಮಾಡಿವೆ ನೋಡಿ. ಡ್ರಾಕುಲಾನನ್ನು ಸೂರ್ಯ ಮುಳುಗುವ ಕ್ಷಣದಲ್ಲಿ ಎರಡು ಚಾಕುಗಳು ಮುಗಿಸುತ್ತವೆ, ಮರದ ಗೂಟವಲ್ಲ. ಮೇರಿಯ ಜೀವಿ ಸಾಯುತ್ತೇನೆಂದು ಹೇಳಿ ಹಿಮದ ಹಲಗೆಯ ಮೇಲೆ ಕತ್ತಲಿಗೆ ತೇಲಿಹೋಗುತ್ತದೆ, ಸಾವನ್ನು ಯಾರೂ ಕಾಣುವುದಿಲ್ಲ. ಹದಿಹರೆಯದವರಿಗೆ ಬರೆಯುವವರು ಹೆಚ್ಚಾಗಿ ಇದನ್ನೇ ಹಿಡಿಯುತ್ತಾರೆ, ಮುಂದಿನ ಭಾಗಕ್ಕೆ ದಾರಿ ಇರಲಿ ಎಂದು. ನನ್ನ ಕಣ್ಣು ಮಾತ್ರ ವೆಲ್ಸನ ಕೊನೆಯ ಮೇಲಿದೆ. ಅದೃಶ್ಯನನ್ನು ಬೀದಿಯಲ್ಲಿ ಗುಂಪು ಬಡಿದು ಕೊಲ್ಲುತ್ತದೆ. ಸತ್ತ ಮೇಲೆ ಅವನು ನಿಧಾನವಾಗಿ ಕಾಣತೊಡಗುತ್ತಾನೆ, ನರ, ಎಲುಬು, ಆಮೇಲೆ ಚರ್ಮ. ನೆಲದ ಮೇಲಿರುವುದು ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಒಬ್ಬ ಯುವಕ ಹೀಗೇ ಸತ್ತ. ಈ ಅಧ್ಯಾಯ ಬರೆಯುವುದಾದರೆ ಗುಂಪಿನ ಹೊರಗೆ ನಿಂತು ಬರೆಯಬೇಡಿ. ಆ ಸಂದೇಶವನ್ನು ಮುಂದೆ ಕಳಿಸಿದ ಹುಡುಗನ ಬಾಯಲ್ಲಿ ಬರೆಯಿರಿ. ಅವನು ನಿಮ್ಮ ನಾಯಕಿಯ ತಮ್ಮನಾಗಿರಲಿ, ಮೊದಲ ಅಧ್ಯಾಯದಿಂದ ಓದುಗರಿಗೆ ಇಷ್ಟವಾದವನಾಗಿರಲಿ. ಅವನು ಕಲ್ಲು ಎತ್ತಿದನೇ ಇಲ್ಲವೇ ಎಂಬುದನ್ನು ಕರಡು ಶುರು ಮಾಡುವ ಮುಂಚೆ ತೀರ್ಮಾನಿಸಿಕೊಳ್ಳಿ. ಉಳಿದ ಅಧ್ಯಾಯಗಳಲ್ಲಿ ಅವನ ಪ್ರತಿ ಮಾತೂ ಅದಕ್ಕೆ ತಕ್ಕಂತೆ ಬರಬೇಕಾಗುತ್ತದೆ.